ಇಬ್ನ್ ಬತೂತನ ದ್ವೀಪಗಳು

ಸೂಲಿಬೆಲೆಯ ಜನಕ್ಕೆ ಕಡಲೆಂಬುದು ಕೇಳಿ ಬಲ್ಲ ವಸ್ತುವೇ ಹೊರತು ಕಂಡು ಬಲ್ಲುದಲ್ಲ. ಮೂಡಲಿಗೆ ಹೊರಟರೂ ಪಡುವಲಿಗೆ ಹೊರಟರೂ 250 ಕಿಲೋಮೀಟರಿಗೆ ಕಡಮೆಯಿಲ್ಲದ ದಾರಿ. ನಮಗೆ ನೀರೆಂದರೆ ಕೆರೆ. ಅದೂ ಮಳೆ ಒಲಿದ ವರ್ಷದಲ್ಲಿ. ದ್ವೀಪವೆಂದರೆ ನೀರು ಇಳಿದಾಗ ಕೆರೆಯ ನಡುವೆ ತಲೆಯೆತ್ತುವ ದಿಣ್ಣೆ, ಅದರ ಮೇಲೊಂದು ಜಾಲಿಯ ಮರ, ಮರದ ಮೇಲೆ ನಾಲ್ಕು ಕೊಕ್ಕರೆ. ಹೀಗಿದ್ದರೂ ಬೇಸಗೆಯ ರಜ ಸಮೀಪಿಸಿತೆಂದರೆ ಹೊಸಕೋಟೆ ತಾಲ್ಲೂಕಿನ ಈ ರಾಗಿಯ ಸೀಮೆಯ ತರುಣರು ಕೂಡ ಈಚೆಗೆ ದ್ವೀಪಯಾತ್ರೆಯ ಮಾತೆತ್ತುತ್ತಾರೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳೋ, ಮುರುಡೇಶ್ವರದ ಆಚೆಯ ನೇತ್ರಾಣಿಯೋ, ಲಕ್ಷದ್ವೀಪವೋ, ಕೈಯಲ್ಲಿ ಹಣವಿದ್ದರೆ ಮಾಲ್ದೀವೋ ಎಂದು ಅವರೊಳಗೆ ವಾದ ನಡೆಯುತ್ತದೆ. ವಯಸ್ಸಾದವನೆಂಬ ಮರ್ಯಾದೆಗೆ ನನ್ನನ್ನೂ ಒಂದು ಮಾತು ಕೇಳುವುದುಂಟು. ಕಡಲ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆ ಎಷ್ಟು? ಆದರೆ ಇದೇ ನೀರಿನಲ್ಲಿ, ಇವೇ ದ್ವೀಪಗಳ ನಡುವೆ, ಸುಮಾರು 680 ವರ್ಷಗಳ ಹಿಂದೆ ಹಾಯಿಹಡಗಿನಲ್ಲಿ ಅಲೆದು, ಮುಂದೆ ಯಾವ ದ್ವೀಪ ಎಂಬುದನ್ನು ತಾನೇ ಆರಿಸಿಕೊಂಡು, ಆ ಆಯ್ಕೆಯ ಬೆಲೆಯನ್ನೂ ತೆತ್ತ ಒಬ್ಬಾತನ ಚರಿತ್ರೆಯನ್ನು ನಾನು ಬಹುಕಾಲದಿಂದ ಓದುತ್ತ ಬಂದಿದ್ದೇನೆ. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆತನ ಹೆಸರು ಅಬೂ ಅಬ್ದುಲ್ಲಾ ಮುಹಮ್ಮದ್. ಲೋಕಕ್ಕೆ ಪರಿಚಿತವಾದ ಹೆಸರು ಇಬ್ನ್ ಬತೂತ. ಹುಟ್ಟಿದ್ದು 1304ರಲ್ಲಿ, ಆಫ್ರಿಕದ ವಾಯವ್ಯದ ಮೂಲೆಯಲ್ಲಿರುವ ಟಾಂಜಿಯರ್ ಪಟ್ಟಣದಲ್ಲಿ. ಕಾಜಿಗಳ ಮನೆತನ, ಧರ್ಮಶಾಸ್ತ್ರದ ವ್ಯಾಸಂಗ. 1325ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ತಂದೆತಾಯಿಗಳನ್ನು ಬಿಟ್ಟು ಮಕ್ಕಾ ಯಾತ್ರೆಗೆಂದು ಒಬ್ಬನೇ ಹೊರಟ. ಯಾತ್ರೆ ಮುಗಿದ ಮೇಲೆ ಊರಿಗೆ ಮರಳಬೇಕಾದವನು ಮರಳಲಿಲ್ಲ. ಈಜಿಪ್ಟು, ಸಿರಿಯ, ಪಾರಸೀಕ, ಏಮನ್, ಪೂರ್ವ ಆಫ್ರಿಕದ ಕರಾವಳಿ, ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲುಗಳು, ಕಾನ್‌ಸ್ಟಾಂಟಿನೋಪಲ್ ಇವನ್ನೆಲ್ಲ ಸುತ್ತಿ 1333ರ ಸೆಪ್ಟೆಂಬರಿನಲ್ಲಿ ಸಿಂಧೂನದಿಯ ದಡವನ್ನು ಮುಟ್ಟಿದ. ಒಮ್ಮೆ ನಡೆದ ದಾರಿಯಲ್ಲಿ ಸಾಧ್ಯವಾದ ಮಟ್ಟಿಗೆ ಮತ್ತೆ ನಡೆಯಬಾರದೆಂಬುದು ಆತ ಮೊದಲಿನಿಂದ ಹಿಡಿದ ನಿಯಮ. ಈ ನಿಯಮ ಕೇಳಲು ಸೊಗಸು. ಆದರೆ ನಡೆದ ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವನಿಗೆ ಅದರ ಅರ್ಥವೇನು ಎಂಬುದು ಮುಂದೆ ತಿಳಿಯುತ್ತದೆ.

ದಿಲ್ಲಿಯಲ್ಲಿ ಆಗ ಮುಹಮ್ಮದ್ ಬಿನ್ ತುಘಲಕನ ಆಳ್ವಿಕೆ. ಪರದೇಶದ ವಿದ್ವಾಂಸರೆಂದರೆ ಆ ದೊರೆಗೆ ಎಲ್ಲಿಲ್ಲದ ಆದರ. ಬತೂತನಿಗೆ ದಿಲ್ಲಿಯ ಕಾಜಿಯ ಪದವಿ, ವರ್ಷಕ್ಕೆ 12,000 ದೀನಾರಿನ ವೇತನ, ಜಹಗೀರು ದೊರೆತವು. ಖರ್ಚು ಅದಕ್ಕಿಂತ ಮುಂದೆ ಓಡಿ 55,000 ದೀನಾರುಗಳ ಸಾಲವೂ ದೊರೆಯಿತು. ಕಡೆಗೆ ಅದನ್ನೂ ದೊರೆಯೇ ತೀರಿಸಬೇಕಾಯಿತು. ಆದರೆ ಎಡಗೈಯಲ್ಲಿ ಹೊನ್ನು, ಬಲಗೈಯಲ್ಲಿ ಕತ್ತಿ ಹಿಡಿದ ದೊರೆ ಅವನು. ದೊರೆಯ ಕೋಪಕ್ಕೆ ಗುರಿಯಾದ ಒಬ್ಬ ಸಂತನನ್ನು ನೋಡಲು ಹೋಗಿದ್ದನೆಂಬ ಕಾರಣಕ್ಕೆ ಬತೂತನ ಸುತ್ತಲೂ ಕೆಲವು ದಿನ ಕಾವಲು ಬಿತ್ತು. ಆ ಸಂತನ ತಲೆ ಹೋಯಿತು. ಇವನ ತಲೆ ಉಳಿಯಿತು. ಅಂದಿನಿಂದ ಈತ ಇದ್ದುದನ್ನೆಲ್ಲ ದಾನಮಾಡಿ ಬೈರಾಗಿಯಂತೆ ಬಟ್ಟೆಯುಟ್ಟು ಕುಳಿತ. ಹೀಗಿರಲು ದೊರೆ ಮತ್ತೆ ಹೇಳಿಕಳುಹಿಸಿ, ಚೀನದ ಸಾಮ್ರಾಟನಲ್ಲಿಗೆ ರಾಯಭಾರಿಯಾಗಿ ಹೋಗೆಂದು ಅಪ್ಪಣೆ ಕೊಟ್ಟ. ಕುದುರೆಗಳು, ದಾಸರು, ನರ್ತಕಿಯರು, ಪಟ್ಟೆಪೀತಾಂಬರಗಳ ದೊಡ್ಡ ಕಾಣಿಕೆಯೊಡನೆ ಬತೂತ ದಿಲ್ಲಿಯನ್ನು ಬಿಟ್ಟದ್ದು 1342ರಲ್ಲಿ ಎಂದು ಬಹುಮಂದಿಯ ಎಣಿಕೆ. ಆತನ ವರ್ಷಗಣನೆ ಎಲ್ಲೆಡೆಯಲ್ಲಿಯೂ ಸರಿಹೊಂದುವುದಿಲ್ಲವಾದುದರಿಂದ ಒಂದು ವರ್ಷ ಹಿಂದುಮುಂದಾದೀತು.

ಖಂಬಾಯತಿನ ಕಡೆಯಿಂದ ಹಡಗು ತೆಂಕಣಕ್ಕೆ ಇಳಿದು ಗೋವೆಯನ್ನು ದಾಟಿತು. ಅಲ್ಲಿಂದ ಮುಂದೆ ಆತನ ಕಥೆ ನಮ್ಮದಾಗುತ್ತದೆ. ದಡಕ್ಕೆ ಹತ್ತಿರದ ಒಂದು ಪುಟ್ಟ ದ್ವೀಪದಲ್ಲಿ ಲಂಗರು ಹಾಕಿದರು. ಅಲ್ಲಿ ಗುಡಿ, ತೋಟ, ಸಿಹಿನೀರಿನ ಕೊಳ. ವಿದ್ವಾಂಸರು ಇದನ್ನು ಕಾರವಾರದ ಸಮೀಪದ ಅಂಜದೀವ್ ಎಂದು ಗುರುತಿಸಿದ್ದಾರೆ. ಮುಂದೆ 1498ರಲ್ಲಿ ವಾಸ್ಕೊ ಡ ಗಾಮ ಕೂಡ ಸಿಹಿನೀರಿಗಾಗಿ ಅಲ್ಲಿಯೇ ನಿಂತನು. ಈಗ ಆ ದ್ವೀಪ ನೌಕಾದಳದ ವಶದಲ್ಲಿರುವುದರಿಂದ ವಿಹಾರಕ್ಕೆ ಹೊರಟವರು ಅದನ್ನು ಪಟ್ಟಿಯಿಂದ ಬಿಡುವುದೇ ಲೇಸು. ಗುಡಿಯ ಗೋಡೆಗೆ ಒರಗಿ, ಎರಡು ವಿಗ್ರಹಗಳ ನಡುವೆ, ಒಬ್ಬ ಜೋಗಿ ಮಾತಿಲ್ಲದೆ ಕುಳಿತಿದ್ದ. ಅವನು ಒಮ್ಮೆ ಕೂಗಿದೊಡನೆ ತೆಂಗಿನಮರದಿಂದ ಕಾಯೊಂದು ಅವನ ಮುಂದೆ ಬಿತ್ತಂತೆ. ಅದನ್ನೆತ್ತಿ ಇವರಿಗೆ ಕೊಟ್ಟನಂತೆ. ಹಣ ಕೊಡಹೋದರೆ ಒಲ್ಲೆನೆಂದು, ತಾನೇ ಬತೂತನ ಕೈಗೆ ಹತ್ತು ದೀನಾರುಗಳನ್ನಿತ್ತನಂತೆ. ತೆಂಗಿನಮರದಿಂದ ಕಾಯಿ ಬೀಳಲು ಕೂಗೇ ಆಗಬೇಕೆಂದಿಲ್ಲವೆಂದು ನಮ್ಮಲ್ಲಿ ಯಾರಾದರೂ ಹೇಳಬಲ್ಲರು. ಆದರೆ ಆ ಹತ್ತು ದೀನಾರುಗಳನ್ನು ವಾಚಕರು ನೆನಪಿನಲ್ಲಿಡಬೇಕು.

ಮರುದಿನ ಹೊನ್ನಾವರ. ಶರಾವತಿಯ ಅಳಿವೆಯ ಆ ಪಟ್ಟಣವನ್ನು ಬತೂತ ವರ್ಣಿಸಿದಷ್ಟು ಪ್ರೀತಿಯಿಂದ ಆ ಕಾಲದ ಬೇರಾವ ಪರದೇಶಿಯೂ ವರ್ಣಿಸಿದುದನ್ನು ನಾನು ಓದಿಲ್ಲ. ಅಲ್ಲಿನ ಒಡೆಯ ಜಮಾಲುದ್ದೀನ್ ಮುಹಮ್ಮದ್ ಎಂಬ ಸುಲ್ತಾನ. ಅವನ ಮೇಲೆ ಹರ್ಯಬ್ ಎಂಬ ಹಿಂದೂ ಅರಸ. ಈ ಹರ್ಯಬ್ ವಿಜಯನಗರದ ಮೊದಲನೆಯ ಹರಿಹರನೇ ಎಂದು ಹಲವರು ಅಭಿಪ್ರಾಯಪಡುತ್ತಾರೆ. ಪಟ್ಟಣದ ಜನಕ್ಕೆ ಬೇಸಾಯವಿಲ್ಲ, ಕಡಲ ವ್ಯಾಪಾರವೇ ಜೀವನ. ಆರು ಸಾವಿರದ ಸೈನ್ಯ. ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳು, ಗಂಡುಮಕ್ಕಳಿಗೆ 23. ಹದಿನಾಲ್ಕನೆಯ ಶತಮಾನದ ನಮ್ಮ ಕರಾವಳಿಯ ಒಂದು ಪಟ್ಟಣದಲ್ಲಿ ಹೆಣ್ಣುಮಕ್ಕಳಿಗಾಗಿ ಹದಿಮೂರು ಶಾಲೆ! ಬತೂತ ಇದನ್ನು ಬೇರೆಲ್ಲಿಯೂ ಕಾಣೆನೆಂದು ಬರೆಸಿದ್ದಾನೆ. ಹೆಂಗಸರು ಹೊಲಿಗೆಯಿಲ್ಲದ ವಸ್ತ್ರವನ್ನುಟ್ಟು ಅದರ ಸೆರಗನ್ನೇ ತಲೆಗೂ ಎದೆಗೂ ಹೊದೆಯುತ್ತಿದ್ದರು, ಮೂಗಿಗೆ ಚಿನ್ನದ ನತ್ತು. ಈ ಸೀರೆಯನ್ನೂ ಈ ನತ್ತನ್ನೂ ಗುರುತಿಸಲು ನಮಗೆ ಯಾವ ಟಿಪ್ಪಣಿಯೂ ಬೇಕಿಲ್ಲ.

ಸುಲ್ತಾನನ ಮನೆಯ ಊಟವನ್ನು ಆತ ಬಡಿಸಿದ ಕ್ರಮದಲ್ಲಿಯೇ ವಿವರಿಸಿದ್ದಾನೆ. ರೇಷ್ಮೆಯುಟ್ಟ ದಾಸಿ ತಾಮ್ರದ ದೊಡ್ಡ ಸೌಟಿನಲ್ಲಿ ಅನ್ನವನ್ನು ಬಡಿಸಿ, ಮೇಲೆ ತುಪ್ಪ ಎರೆದು, ಪಕ್ಕದಲ್ಲಿ ಉಪ್ಪಿನಲ್ಲಿ ನೆನೆದ ಹಸಿ ಕರಿಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನಕಾಯಿಗಳನ್ನಿಡುತ್ತಿದ್ದಳು. ಒಂದು ತುತ್ತು ಅನ್ನ, ಅದರ ಹಿಂದೆ ಒಂದು ಚೂರು ಉಪ್ಪಿನಕಾಯಿ. ಕೋಳಿಯ ಬಗೆಗಳು ಮುಗಿದ ಮೇಲೆ ಕಟ್ಟಕಡೆಗೆ ಮೊಸರು. ಮೊಸರು ಬಂದಿತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು. ಒಣಮೆಣಸಿನಕಾಯಿ ಪೋರ್ತುಗೀಜರೊಡನೆ ಬರಲು ಇನ್ನೂ ನೂರೈವತ್ತು ವರ್ಷಕ್ಕೂ ಮಿಕ್ಕ ಕಾಲವಿತ್ತು. ಅದೊಂದನ್ನುಳಿದರೆ ಪಂಕ್ತಿಯ ಕ್ರಮ ಇಂದಿಗೂ ಬದಲಾಗಿಲ್ಲ. ಮುಂದೆ ಹನ್ನೊಂದು ತಿಂಗಳು ಆತ ಈ ಮನೆಯಲ್ಲಿಯೇ ಉಳಿದು ರೊಟ್ಟಿಯ ಮುಖವನ್ನೇ ಕಾಣದೆ ಅನ್ನವನ್ನುಂಡ. ಕರಾವಳಿ, ದ್ವೀಪಗಳು, ಸಿಂಹಳ ಎಲ್ಲ ಸೇರಿ ಮೂರು ವರ್ಷ ಅನ್ನವೇ ಗತಿಯಾಗಿ, ಕೊನೆಗೆ ನೀರಿನ ಸಹಾಯವಿಲ್ಲದೆ ತುತ್ತು ಗಂಟಲಿನಲ್ಲಿ ಇಳಿಯದಂತಾಯಿತೆಂದು ಆತನ ದೂರು. ಮುದ್ದೆಯಿಲ್ಲದೆ ನಾಲ್ಕು ದಿನ ಪರಸ್ಥಳದಲ್ಲಿ ಕಳೆದ ನಮ್ಮ ಕಡೆಯವರಿಗೆ ಈ ದೂರು ಅತಿಯೆನಿಸದು.

ಹೊನ್ನಾವರದಿಂದ ಹಡಗು ಒಂದೊಂದೇ ಅಳಿವೆಯನ್ನು ಹೊಕ್ಕು ಹೊರಟಿತು. ಬಸರೂರು, ಅನಂತರ ಬಾರಕೂರು. ಬಾರಕೂರಿನ ಅರಸನ ಹೆಸರನ್ನು ಆತ ಬಾಸುದೇವನೆಂದು ಕೇಳಿಸಿಕೊಂಡಿದ್ದಾನೆ. ಅವನಲ್ಲಿ ಸುಮಾರು 30 ಯುದ್ಧನೌಕೆಗಳಿದ್ದವು; ದಾರಿಹೋಕ ಹಡಗುಗಳು ಅಳಿವೆಗೆ ಬಂದು ಸುಂಕ ತೆರದೆ ಮುಂದೆ ಹೋಗುವಂತಿರಲಿಲ್ಲ. ಮಂಗಳೂರಿನಲ್ಲಿ ಪಾರಸೀಕ, ಏಮನ್ ದೇಶಗಳ ವರ್ತಕರು, ಮೆಣಸು, ಶುಂಠಿಗಳ ರಾಶಿ, ನಾಲ್ಕು ಸಾವಿರ ಮುಸಲ್ಮಾನರ ಬಿಡಾರ, ರಾಮದೇವನೆಂಬ ಅರಸ. ಇವನ್ನೆಲ್ಲ ದಾಟಿ ಕಲ್ಲಿಕೋಟೆಯನ್ನು ಸೇರಿದಾಗ ಬಂದರಿನಲ್ಲಿ ಚೀನದ 13 ಹಡಗುಗಳು ನಿಂತಿದ್ದವು. ಗಾಳಿ ತಿರುಗುವವರೆಗೆ ಮೂರು ತಿಂಗಳು ಕಾಯಬೇಕಾಯಿತು. ಹಾಯಿಯ ಕಾಲದಲ್ಲಿ ಪ್ರಯಾಣದ ದಿನವನ್ನು ಗೊತ್ತುಮಾಡುತ್ತಿದ್ದುದು ಪ್ರಯಾಣಿಕನಲ್ಲ, ಗಾಳಿ. ಮುಂಗಾರಿನ ಭರ ಹಿಡಿಯಿತೆಂದರೆ ಪಶ್ಚಿಮದ ಬಂದರುಗಳೆಲ್ಲ ಬಾಗಿಲು ಹಾಕಿದಂತೆ. ಮಳೆ ನಿಂತು ಈಶಾನ್ಯದ ಗಾಳಿ ಬೀಸಿದ ಮೇಲೆಯೇ ಮತ್ತೆ ಹಾಯಿ ಏರುವುದು.

ಹೊರಡುವ ಕಾಲ ಬಂದಿತು. ದೊಡ್ಡ ಹಡಗಿನಲ್ಲಿ ತನಗಿತ್ತ ಕೋಣೆ ಇಕ್ಕಟ್ಟೆಂದು ಬತೂತ ತನ್ನ ಸಾಮಾನನ್ನೂ ದಾಸಿಯರನ್ನೂ ಕಕಮ್ ಎಂಬ ಚಿಕ್ಕ ಹಡಗಿಗೆ ಸಾಗಿಸಿದ. ದೊರೆಯ ಕಾಣಿಕೆ, ಜೊತೆಯ ಅಧಿಕಾರಿಗಳು ದೊಡ್ಡ ಹಡಗಿನಲ್ಲಿ. ತಾನು ಮಾತ್ರ ಶುಕ್ರವಾರದ ಪ್ರಾರ್ಥನೆಗೆಂದು ದಡದಲ್ಲಿ ಉಳಿದ. ಆ ರಾತ್ರಿ ಕಡಲು ಉಕ್ಕಿತು. ದೊಡ್ಡ ಹಡಗು ದಡಕ್ಕೆ ಬಡಿದು ಒಡೆಯಿತು. ಜೊತೆಗಾರರ ಹೆಣಗಳು ಬೆಳಗ್ಗೆ ಮರಳಿನ ಮೇಲಿದ್ದವು. ಅದನ್ನು ಕಂಡ ಕಕಮಿನ ನಾವಿಕರು ಹಾಯಿಯೇರಿಸಿ ಹೊರಟೇಬಿಟ್ಟರು. ಬತೂತನ ಸರ್ವಸ್ವವೂ, ಅವನಿಂದ ಗರ್ಭಿಣಿಯಾಗಿದ್ದ ದಾಸಿಯೂ ಅದರಲ್ಲಿ. ದಡದಲ್ಲಿ ಉಳಿದವನ ಬಳಿ ಇದ್ದದ್ದು ಮಲಗುವ ಒಂದು ಕಂಬಳಿ, ಮತ್ತು ಅಂಜದೀವಿನ ಜೋಗಿ ಕೊಟ್ಟ ಹತ್ತು ದೀನಾರು.

ಇಲ್ಲಿಂದ ಮುಂದೆ ಆತ ರಾಯಭಾರಿಯಲ್ಲ. ದಿಲ್ಲಿಗೆ ಮರಳಿದರೆ ಕಾಣಿಕೆಯನ್ನು ಮುಳುಗಿಸಿ ತಾನೇಕೆ ಉಳಿದೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಆ ದೊರೆಯ ಮುಂದೆ ಉತ್ತರ ಹೇಳಲು ಗಟ್ಟಿ ಗುಂಡಿಗೆ ಬೇಕು. ಕೊಲ್ಲಂವರೆಗೆ ಹೋಗಿ ಕಕಮಿಗಾಗಿ ಕಾದ; ಅದು ಬರಲಿಲ್ಲ. ಹೊನ್ನಾವರಕ್ಕೆ ಬಂದು ಜಮಾಲುದ್ದೀನನ ಆಶ್ರಯದಲ್ಲಿ ನಿಂತ. ಆ ಸುಲ್ತಾನ 52 ಹಡಗುಗಳೊಡನೆ ಗೋವೆಯ ಮೇಲೆ ಏರಿಹೋದಾಗ ಇವನೂ ಜೊತೆಗೆ ಹೋದ. ಗೋವೆ ಬಿದ್ದಿತು, ಸ್ವಲ್ಪ ಕಾಲದಲ್ಲಿಯೇ ಅದರ ಹಿಂದಿನ ಒಡೆಯ ಮುತ್ತಿಗೆ ಹಾಕಿದ. ಗೆದ್ದ ಕೋಟೆಯಲ್ಲಿ ಸಿಕ್ಕಿಬಿದ್ದ ಸುಲ್ತಾನನನ್ನು ಅಲ್ಲಿಯೇ ಬಿಟ್ಟು ಬತೂತ ಮೆಲ್ಲನೆ ಕಲ್ಲಿಕೋಟೆಗೆ ಜಾರಿಕೊಂಡ. ಹನ್ನೊಂದು ತಿಂಗಳ ಅನ್ನದ ಋಣವನ್ನು ಹೀಗೆ ತೀರಿಸಿದ್ದು ನನಗೆ ಒಪ್ಪಿಗೆಯಾಗಿಲ್ಲ. ಅಷ್ಟರಲ್ಲಿ ಕಕಮಿನ ಸುದ್ದಿಯೂ ತಿಳಿದಿತ್ತು: ಸಾಮಾನು ಅನ್ಯರ ಪಾಲು, ದಾಸಿ ತೀರಿಹೋಗಿದ್ದಳು.

ಈಗ ಆತನ ಮುಂದೆ ಇದ್ದ ದಾರಿಗಳನ್ನು ಎಣಿಸೋಣ. ಏಮನಿಗೆ ಹೋಗುವ ಹಡಗುಗಳಿದ್ದವು. ಅದು ಊರಿನ ದಾರಿ. ಚೀನಕ್ಕೆ ಹೋಗುವ ಹಡಗುಗಳಿದ್ದವು. ಅದು ಕರ್ತವ್ಯದ ದಾರಿ. ದಿಲ್ಲಿಯ ದಾರಿ ಭಯದ್ದು, ಗೋವೆಯದು ಕೃತಜ್ಞತೆಯದು. ಈ ನಾಲ್ಕನ್ನೂ ಬಿಟ್ಟು ಆತ ಆರಿಸಿಕೊಂಡದ್ದು ಮಾಲ್ದೀವ್ ದ್ವೀಪಗಳನ್ನು. ಕಾರಣವಾಗಿ ಕೊಟ್ಟದ್ದು ಇಷ್ಟೇ: ಆ ದ್ವೀಪಗಳ ವಿಚಾರ ಬಹಳ ಕೇಳಿದ್ದೆ, ನೋಡಬೇಕೆನಿಸಿತು ಎಂಬುದು. ಅಪ್ಪಣೆಯಿಲ್ಲ, ಕಾಣಿಕೆಯಿಲ್ಲ, ಯಾತ್ರಾಫಲವಿಲ್ಲ. ಆತನ ಮೂವತ್ತು ವರ್ಷಗಳ ಅಲೆದಾಟದಲ್ಲಿ ಶುದ್ಧ ವಿಹಾರವೆಂದು ಕರೆಯಬಹುದಾದ ಪ್ರಯಾಣ ಇದೊಂದೇ ಇದ್ದೀತೆಂದು ನನ್ನ ಊಹೆ. 1343ರ ಕೊನೆಯಲ್ಲಿ ಕಲ್ಲಿಕೋಟೆಯಿಂದ ಹೊರಟು ಹತ್ತು ದಿನಗಳಲ್ಲಿ ಅಲ್ಲಿಗೆ ತಲುಪಿದ.

ಆ ದಾರಿಯ ಮೇಲೆ ಲಕ್ಷದ್ವೀಪಗಳೂ ಹರಡಿಕೊಂಡಿವೆ. ಅವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಬಡಗಣ ದ್ವೀಪಗಳು 1956ರವರೆಗೂ ಮಂಗಳೂರಿನ ಕಲೆಕ್ಟರರ ಅಧಿಕಾರಕ್ಕೆ ಒಳಪಟ್ಟು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವೆಂಬುದನ್ನು ಇಂದಿನ ತರುಣರು ಅರಿತಿರಲಾರರು. ಬತೂತ ಅವುಗಳನ್ನು ಹೆಸರಿಸುವುದಿಲ್ಲ. ಮಾಲ್ದೀವಿನಲ್ಲಿ ಸುಮಾರು 2,000 ದ್ವೀಪಗಳೆಂದು ಆತನ ಲೆಕ್ಕ. ಇಂದಿನ ಎಣಿಕೆ 1,200ರ ಸಮೀಪ. ನೂರು ಅಥವಾ ಅದಕ್ಕೆ ಕಡಮೆ ದ್ವೀಪಗಳು ಉಂಗುರದಂತೆ ಸುತ್ತುವರಿದಿರುತ್ತವೆ, ಉಂಗುರದೊಳಕ್ಕೆ ಹೋಗಲು ಬಾಗಿಲಿನಂಥ ಒಂದೇ ಸಂದು, ಅದರೊಳಗೆ ಹಡಗನ್ನು ನಡೆಸಲು ಅಲ್ಲಿಯವನೇ ಆದ ಮಾರ್ಗದರ್ಶಿ ಬೇಕು ಎಂದು ಆತ ಬರೆಸಿದ್ದಾನೆ. ಸಂದು ತಪ್ಪಿತೋ, ಗಾಳಿ ಹಡಗನ್ನು ಸಿಂಹಳಕ್ಕೋ ಚೋಳಮಂಡಲಕ್ಕೋ ಒಯ್ಯುತ್ತದೆ. ಒಂದು ದ್ವೀಪವನ್ನು ಬಿಡುವಷ್ಟರಲ್ಲಿ ಮುಂದಿನದರ ತೆಂಗಿನ ತಲೆಗಳು ಕಾಣುತ್ತವೆ. ಹವಳದ ದ್ವೀಪಮಾಲೆಯ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ಅಂದು ಯಾರು ಹೇಳಿದ್ದರೋ ಕಾಣೆ.

ಬಂದವರನ್ನು ಆ ಜನ ಎದುರುಗೊಳ್ಳುತ್ತಿದ್ದ ಬಗೆ ಹೃದ್ಯವಾದುದು. ಹಡಗು ಕಂಡೊಡನೆ ಸಣ್ಣ ದೋಣಿಗಳಲ್ಲಿ ಎಳನೀರನ್ನೂ ವೀಳ್ಯವನ್ನೂ ಹಿಡಿದು ಬರುವರು. ಯಾರ ಕೈಗೆ ವೀಳ್ಯ ಕೊಟ್ಟರೋ ಆತ ಕೊಟ್ಟವನ ಮನೆಯ ಅತಿಥಿ. ಅವನ ಗಂಟನ್ನು ಹೊತ್ತುಕೊಂಡು ನೆಂಟನನ್ನು ಕರೆದೊಯ್ಯುವಂತೆ ಕರೆದೊಯ್ಯುವರು. ಬೀದಿಗಳು ಗುಡಿಸಿ ಚೊಕ್ಕಟ, ಎರಡು ಪಕ್ಕದಲ್ಲಿಯೂ ನೆರಳಿನ ಮರಗಳು. ಮನೆಯ ಬಾಗಿಲಲ್ಲಿ ನೀರಿನ ಕೊಡ, ಪಕ್ಕದಲ್ಲಿ ನಾರಿನ ಒರಟು ಚಾಪೆ. ಕಾಲು ತೊಳೆದು ಒರಸಿಕೊಳ್ಳದೆ ಒಳಗೆ ಅಡಿಯಿಡುವಂತಿಲ್ಲ. ಬಾಗಿಲಲ್ಲಿ ಕಾಲಿಗೆ ನೀರು ಕೊಡುವ ಮನೆಗಳಲ್ಲಿ ಬೆಳೆದ ನಾವು ಇದನ್ನು ಓದುವಾಗ ಸಾವಿರ ಮೈಲಿಗಳು ಕುಗ್ಗಿದಂತಾಗುತ್ತದೆ. ಆಹಾರ ಮೀನು ಮತ್ತು ತೆಂಗು. ತೆಂಗಿನ ಕತ್ತದ ಹಗ್ಗದಿಂದಲೇ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದರು. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಗುಲಿದರೆ ಒಡೆಯುತ್ತದೆ, ಹಗ್ಗದಿಂದ ಹೊಲಿದದ್ದು ಬಳುಕಿ ಉಳಿಯುತ್ತದೆ ಎಂಬುದು ಬತೂತ ಕೊಡುವ ಕಾರಣ. ಹಣವೆಂದರೆ ಕಡಲಿನಿಂದ ಆಯ್ದ ಕವಡೆ. ಒಂದು ಚಿನ್ನದ ದೀನಾರಿಗೆ 4 ಲಕ್ಷ ಕವಡೆ. ಕವಡೆ ಹೆಚ್ಚಿದ ಕಾಲದಲ್ಲಿ 12 ಲಕ್ಷದವರೆಗೂ. ಬಂಗಾಳದ ವರ್ತಕರು ಅಕ್ಕಿ ಕೊಟ್ಟು ಇವನ್ನು ಒಯ್ಯುತ್ತಿದ್ದರು. ಏಮನಿನವರು ಹಡಗಿನ ತಳಕ್ಕೆ ಭಾರವಾಗಿ ಮರಳಿನ ಬದಲು ಕವಡೆಯನ್ನೇ ತುಂಬಿಕೊಳ್ಳುತ್ತಿದ್ದರು.

ಯಾರೂ ಅಲ್ಲದವನಾಗಿ ನಾಲ್ಕು ದಿನ ಇದ್ದು ಹೋಗಬೇಕೆಂಬುದು ಆತನ ಇಚ್ಛೆ. ದಿಲ್ಲಿಯ ಕಾಜಿಯಾಗಿದ್ದೆನೆಂದು ಯಾರಿಗೂ ಹೇಳಕೂಡದೆಂದು ಜೊತೆಯವರಿಗೆ ಕಟ್ಟಪ್ಪಣೆ ಮಾಡಿದ್ದ. ಆದರೆ ಗುಟ್ಟು ನಿಲ್ಲಲಿಲ್ಲ. ಆಗ ಆ ದ್ವೀಪಗಳನ್ನು ಆಳುತ್ತಿದ್ದವಳು ಖದೀಜಾ ಎಂಬ ರಾಣಿ; ಆಡಳಿತ ಅವಳ ಗಂಡನಾದ ವಜೀರ ಜಮಾಲುದ್ದೀನನ ಕೈಯಲ್ಲಿ. ಅವರಿಗೆ ಒಬ್ಬ ಕಾಜಿ ಬೇಕಾಗಿದ್ದ. ಹೋಗುತ್ತೇನೆಂದವನನ್ನು ಹೋಗಗೊಡದೆ, ಮನೆ, ಅಕ್ಕಿ, ಕವಡೆ, ದಾಸಿಯರನ್ನು ಕೊಟ್ಟು ಪದವಿಯಲ್ಲಿ ಕೂರಿಸಿದರು. ಒಲ್ಲೆನೆಂದವನು, ಕುಳಿತ ಮೇಲೆ ಪದವಿಯನ್ನು ಚೆನ್ನಾಗಿಯೇ ಚಲಾಯಿಸಿದ. ಕೆಲವೇ ಕಾಲದಲ್ಲಿ ದೊಡ್ಡ ಮನೆತನಗಳ ನಾಲ್ವರನ್ನು ಮದುವೆಯಾದ. ಶುಕ್ರವಾರದ ಪ್ರಾರ್ಥನೆಗೆ ಬಾರದವರಿಗೆ ಛಡಿಯೇಟು ಹಾಕಿಸಿದ. ಕಳ್ಳನೊಬ್ಬನ ಕೈ ಕಡಿಯಲು ತೀರ್ಪು ಕೊಟ್ಟಾಗ ಸಭೆಯಲ್ಲಿದ್ದ ದ್ವೀಪವಾಸಿಗಳು ಹಲವರು ಮೂರ್ಛೆ ಹೋದರಂತೆ. ಹೆಂಗಸರು ಸೊಂಟದಿಂದ ಮೇಲಕ್ಕೆ ವಸ್ತ್ರ ಧರಿಸದಿದ್ದುದನ್ನು ನಿಲ್ಲಿಸಹೋಗಿ ಸೋತ. ನ್ಯಾಯಸ್ಥಾನಕ್ಕೆ ಬರುವವರಿಗೆ ಮಾತ್ರ ಕಟ್ಟಳೆ ಮಾಡಿ ಸುಮ್ಮನಾದ. ಹೊನ್ನಾವರದ ಹೆಣ್ಣುಮಕ್ಕಳ ವಿದ್ಯೆಯನ್ನು ಹಾಡಿ ಹೊಗಳಿದವನೂ ಇವನೇ, ಹಿಂಸೆಯನ್ನೇ ಅರಿಯದ ಜನರ ನಡುವೆ ಛಡಿ ಹಿಡಿದವನೂ ಇವನೇ. ಪ್ರವಾಸದಿಂದ ಮನಸ್ಸು ವಿಶಾಲವಾಗುತ್ತದೆಂಬ ಮಾತನ್ನು ನಾನು ಈ ಪ್ರಕರಣವನ್ನು ಓದಿದಾಗಲೆಲ್ಲ ಸ್ವಲ್ಪ ಸಂಕೋಚದಿಂದಲೇ ಒಪ್ಪುತ್ತೇನೆ.

ಅಧಿಕಾರ ಬೆಳೆದಂತೆ ವಜೀರನಿಗೆ ಸಂಶಯವೂ ಬೆಳೆಯಿತು. ಅದು ನಿರಾಧಾರವೂ ಆಗಿರಲಿಲ್ಲ. ಮಧುರೆಯ ಸುಲ್ತಾನನಿಗೆ ಬತೂತ ಸಂಬಂಧಿ. ಅವನ ಪಡೆಯನ್ನು ತಂದು ದ್ವೀಪಗಳನ್ನು ಗೆಲ್ಲುವ ಆಲೋಚನೆಯನ್ನು ಆಮೇಲೆ ಈತ ನಡೆಸಿದ್ದುಂಟು. ಉಂಡ ಮನೆಗೆ ಎರಡು ಬಗೆಯುವ ಈ ಹವಣಿಕೆ ಕೈಗೂಡಲಿಲ್ಲವೆಂಬುದೇ ಸಮಾಧಾನ. 1344ರ ಆಗಸ್ಟಿನಲ್ಲಿ, ಹೆಂಡಿರನ್ನು ಬಿಟ್ಟು, ಅವರಲ್ಲೊಬ್ಬಳು ಗರ್ಭಿಣಿಯಾಗಿದ್ದಂತೆಯೇ, ರಾಜಧಾನಿಯಿಂದ ಹೊರಟ.

ಹೊರದ್ವೀಪಗಳ ನಡುವಿನ ಆ ಪ್ರಯಾಣದಲ್ಲಿ ಒಂದು ಪುಟ್ಟ ದ್ವೀಪ ಸಿಕ್ಕಿತು. ಅದರಲ್ಲಿ ಇದ್ದದ್ದು ಒಂದೇ ಮನೆ. ಆ ಮನೆಯಲ್ಲಿ ಒಬ್ಬ ನೇಕಾರ, ಅವನ ಹೆಂಡತಿ, ಮಕ್ಕಳು. ಕೆಲವು ತೆಂಗಿನ ಮರ, ಒಂದಿಷ್ಟು ಬಾಳೆ, ಮೀನು ಹಿಡಿಯಲು ಮತ್ತು ಬೇಕಾದಾಗ ಬೇರೆ ದ್ವೀಪಕ್ಕೆ ಹೋಗಿಬರಲು ಒಂದು ಸಣ್ಣ ದೋಣಿ. ನೆಲದ ಹಕ್ಕಿಗಳೆಂದರೆ ಎರಡು ಕಾಗೆ ಮಾತ್ರ. ಹಡಗು ಹತ್ತಿರ ಬಂದಾಗ ಅವು ಹಾರಿಬಂದು ಅದರ ಸುತ್ತ ಸುತ್ತಿದವಂತೆ. ಬತೂತ ಆ ನೇಕಾರನನ್ನು ಕಂಡು ಕರುಬಿದ. ಈ ದ್ವೀಪ ತನ್ನದಾಗಿದ್ದರೆ, ಸಾವು ಬರುವವರೆಗೆ ಇಲ್ಲಿಯೇ ಏಕಾಂತದಲ್ಲಿ ಇದ್ದುಬಿಡುತ್ತಿದ್ದೆ ಎಂದು ಹಂಬಲಿಸಿದ. ದೊರೆಗಳನ್ನೂ ಅರಮನೆಗಳನ್ನೂ ಕಂಡು ಬೆರಗಾದ ಸಾವಿರ ಸಂದರ್ಭಗಳು ಆತನ ಪ್ರವಾಸಗ್ರಂಥದಲ್ಲಿವೆ; ಅಸೂಯೆಯ ಸಂದರ್ಭ ಇದೊಂದನ್ನೇ ನಾನು ಕಂಡಿದ್ದೇನೆ. ಆದರೆ ಹಡಗು ಹೊರಟಾಗ ಹಡಗನ್ನು ಹತ್ತಿದ.

ಮುಂದೆ ನಿಂತದ್ದು ಮುಲೂಕ್ ಎಂಬ ದ್ವೀಪದಲ್ಲಿ, ಎಪ್ಪತ್ತು ದಿನ. ಅದು ಬಲು ಚೆಲುವಾದ ಹಸುರು ದ್ವೀಪವಂತೆ. ಮರದ ಕೊಂಬೆಯೊಂದನ್ನು ಕಡಿದು ನೆಟ್ಟರೆ, ಗೋಡೆಯ ಮೇಲೆ ನೆಟ್ಟರೂ ಕೂಡ, ಚಿಗುರಿ ಮರವಾಗುತ್ತಿತ್ತಂತೆ. ದಾಳಿಂಬೆ ವರ್ಷವಿಡೀ ಫಲ ಕೊಡುತ್ತಿತ್ತಂತೆ. ಅಲ್ಲಿಯೂ ಎರಡು ಮದುವೆಗಳಾದವು. ಬಳಿಕ ಸಿಂಹಳ; ಅಲ್ಲಿ ಆರ್ಯಚಕ್ರವರ್ತಿಯ ಆತಿಥ್ಯ, ಮಾಣಿಕ್ಯಗಳ ಉಡುಗೊರೆ, ಆದಂ ಶಿಖರದ ಯಾತ್ರೆ. ಮಧುರೆಯಲ್ಲಿ ಜ್ವರ, ಕಂಗಾಲು. ಅಲ್ಲಿಂದ ಕೊಲ್ಲಂಗೆ ಬಂದು, ಹಳೆಯ ಆಶ್ರಯದಾತನನ್ನು ನೆನೆದು, ಮತ್ತೆ ಹೊನ್ನಾವರದ ಕಡೆಗೆ ಹಡಗು ಹತ್ತಿದ. ಹೊನ್ನಾವರಕ್ಕೂ ಬಾರಕೂರಿಗೂ ನಡುವೆ ಒಂದು ಚಿಕ್ಕ ದ್ವೀಪದ ಬಳಿ 12 ಹಡಗುಗಳ ಕಡಲುಗಳ್ಳರು ಮೇಲೆ ಬಿದ್ದರು. ದ್ವೀಪದ ಹೆಸರನ್ನು ಆತ ಹೇಳಿಲ್ಲ. ಆ ನಡುವಿನ ನೀರಿನಲ್ಲಿ ದ್ವೀಪವೆಂದರೆ ನನಗೆ ಮೊದಲು ನೆನಪಾಗುವುದು ನೇತ್ರಾಣಿ. ಇಂದು ನೀರಿನೊಳಗೆ ಮುಳುಗಿ ಹವಳವನ್ನೂ ಮೀನನ್ನೂ ನೋಡಲು ಜನ ಹಣ ಕೊಟ್ಟು ಹೋಗುವ ಆ ಕಡಲಿನಲ್ಲಿ ಅಂದು ಬತೂತನ ಮಾಣಿಕ್ಯಗಳು, ಉಡುಪು, ಸಂತರು ಕೊಟ್ಟ ಪ್ರಸಾದವಸ್ತುಗಳು ಎಲ್ಲವೂ ಹೋದವು. ಉಳಿದದ್ದು ಮೈಮೇಲಿನ ಷರಾಯಿ. ಹೊನ್ನಾವರವನ್ನು ಆತ ಮತ್ತೆ ಕಾಣಲಿಲ್ಲ. ಕಲ್ಲಿಕೋಟೆಯ ಮಸೀದಿಯೊಂದರಲ್ಲಿ ಹೋಗಿ ಕುಳಿತಾಗ ಒಬ್ಬರು ಬಟ್ಟೆ, ಒಬ್ಬರು ರುಮಾಲು, ಒಬ್ಬರು ನಿಲುವಂಗಿ ಕೊಟ್ಟು ಮಾನ ಉಳಿಸಿದರು.

ಅಲ್ಲಿಯೇ ಮಾಲ್ದೀವಿನ ಸುದ್ದಿ ಕಿವಿಗೆ ಬಿತ್ತು. ವಜೀರ ಜಮಾಲುದ್ದೀನ್ ತೀರಿಕೊಂಡಿದ್ದ, ರಾಣಿ ಮರುಮದುವೆಯಾಗಿದ್ದಳು, ತಾನು ಬಿಟ್ಟು ಬಂದ ಗರ್ಭಿಣಿ ಗಂಡುಮಗುವನ್ನು ಹೆತ್ತಿದ್ದಳು. ನಡೆದ ದಾರಿಯಲ್ಲಿ ಮತ್ತೆ ನಡೆಯದವನು ಈ ಸಲ ನಿಯಮವನ್ನು ಮುರಿದ. ಎರಡನೆಯ ಬಾರಿ ಮಾಲ್ದೀವನ್ನು ಆರಿಸಿಕೊಂಡದ್ದು ಮಗನಿಗಾಗಿ. ಹೊಸ ವಜೀರನೊಡನೆ ಹಿಂದೆ ಹಗೆಯಿತ್ತು, ಪ್ರಾಣಭಯವೂ ಇತ್ತು, ಆದರೂ ಹೋದ. ಮಗುವಿಗೆ ಆಗ ಎರಡು ವರ್ಷ. ತಾಯಿ ವಜೀರನ ಬಳಿ ಹೋಗಿ ಮೊರೆಯಿಟ್ಟಳು. ತಂದೆ ಮಗನನ್ನು ಒಯ್ಯುವುದಾದರೆ ತಾನು ತಡೆಯಲಾರೆನೆಂದು ವಜೀರ ಕೈಚೆಲ್ಲಿದ. ನ್ಯಾಯ ಬತೂತನ ಕಡೆಗಿತ್ತು. ಕಾಜಿಯಾಗಿದ್ದವನಿಗೆ ಅದು ತಿಳಿಯದೆಯೂ ಇಲ್ಲ. ಮಗುವನ್ನು ತಂದು ಮುಂದೆ ನಿಲ್ಲಿಸಿದರು. ಅವನು ನೋಡಿ, ಈ ಮಗು ಈ ಜನರೊಡನೆ ಇರುವುದೇ ಅದಕ್ಕೆ ಕ್ಷೇಮವೆಂದು ತಿಳಿದು, ತಾಯಿಗೆ ಹಿಂದಕ್ಕೆ ಕೊಟ್ಟ. ಐದು ದಿನ ಇದ್ದು ಬಂಗಾಳಕ್ಕೆ ಹಡಗು ಹತ್ತಿದ. ಆ ಕಡಲ ದಾರಿ 43 ದಿನಗಳದು. ಆ ನಲವತ್ತಮೂರು ದಿನಗಳನ್ನು ಕುರಿತು ಆತ ಏನನ್ನೂ ಬರೆಸಿಲ್ಲ.

ಛಡಿಯೇಟಿನ ಕಾಜಿಯನ್ನು ನಾನು ಮೆಚ್ಚದವನು. ಗೋವೆಯಿಂದ ಜಾರಿಕೊಂಡವನನ್ನೂ ಮೆಚ್ಚದವನು. ಆದರೆ ತನಗೆ ಹಕ್ಕಿದ್ದುದನ್ನು ಕೈಗೆ ತೆಗೆದುಕೊಂಡು ನೋಡಿ ಹಿಂದಕ್ಕೆ ಕೊಟ್ಟ ಆ ಐದು ದಿನಗಳ ಬತೂತನ ಮುಂದೆ ನನ್ನ ಆಕ್ಷೇಪಣೆಗಳು ತಣ್ಣಗಾಗುತ್ತವೆ. ಅಲೆಮಾರಿಯ ಬದುಕಿಗೆ ಮಗುವನ್ನು ಎಳೆಯಬಾರದೆಂಬ ವಿವೇಕವೋ, ಮಗುವಿಗಾಗಿ ಅಲೆದಾಟವನ್ನು ಬಿಡಲಾರದ ಚಪಲವೋ? ಎರಡೂ ಇದ್ದಿರಬೇಕು. ದಮಾಸ್ಕಸ್ಸಿನಲ್ಲಿ ಇಪ್ಪತ್ತೆರಡರ ಪ್ರಾಯದಲ್ಲಿ ಮದುವೆಯಾಗಿ ಬಿಟ್ಟು ಬಂದ ಹೆಣ್ಣಿಗೂ ಒಬ್ಬ ಮಗ ಹುಟ್ಟಿದ್ದ. ಇಂಡಿಯದಲ್ಲಿದ್ದಾಗ ಸುದ್ದಿ ತಿಳಿದು ಮಗುವಿನ ಅಜ್ಜನಿಗೆ 40 ದೀನಾರು ಕಳುಹಿಸಿದ್ದ. ಚೀನವನ್ನು ನೋಡಿ ಹಿಂದಿರುಗುತ್ತ 1348ರಲ್ಲಿ ದಮಾಸ್ಕಸ್ಸಿಗೆ ಬಂದು ಮಗನನ್ನು ವಿಚಾರಿಸಿದರೆ, ಆ ಹುಡುಗ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ತನ್ನ ತಂದೆ ಹೋಗಿ ಹದಿನೈದು ವರ್ಷವಾಯಿತೆಂಬುದೂ ಅಲ್ಲಿಯೇ ತಿಳಿಯಿತು. 1349ರಲ್ಲಿ ಮೊರಾಕ್ಕೊ ತಲುಪುವಾಗ, ಊರು ಇನ್ನೇನು ಸಮೀಪವೆನ್ನುವಷ್ಟರಲ್ಲಿ, ತಾಯಿ ಮಹಾಮಾರಿಗೆ ತುತ್ತಾದ ವರ್ತಮಾನ ಎದುರಾಯಿತು.

ಆಮೇಲೆಯೂ ಆತ ಸುಮ್ಮನಿರಲಿಲ್ಲ. ಗ್ರನಾಡವನ್ನು ನೋಡಿದ, 1352ರಲ್ಲಿ ಸಹಾರಾ ಮರಳುಗಾಡನ್ನು ದಾಟಿ ಮಾಲಿ ರಾಜ್ಯಕ್ಕೆ ಹೋದ. 1355ರಲ್ಲಿ, ಮೊರಾಕ್ಕೊದ ಸುಲ್ತಾನ ಅಬೂ ಇನಾನನ ಅಪ್ಪಣೆಯಂತೆ, ಇಬ್ನ್ ಜುಜಯ್ ಎಂಬ ಪಂಡಿತನಿಗೆ ತನ್ನ ಪ್ರವಾಸವನ್ನೆಲ್ಲ ಹೇಳಿ ಬರೆಸಿದ. ಅದೇ ರಿಹ್ಲಾ. ಕೇಳಿದ ಆಸ್ಥಾನಿಕರಲ್ಲಿ ಬಹುಮಂದಿ ನಂಬಲಿಲ್ಲವೆಂದು ಅವನ ಕಿರಿಯ ಸಮಕಾಲೀನನಾದ ಇಬ್ನ್ ಖಲ್ದೂನನ ಬರವಣಿಗೆಯಿಂದ ತಿಳಿಯುತ್ತದೆ. ಬಳಿಕ ಯಾವುದೋ ಒಂದು ಊರಿನ ಕಾಜಿಯಾಗಿದ್ದು 1368ರಲ್ಲಿಯೋ ಮರುವರ್ಷವೋ ತೀರಿಕೊಂಡ. ಗ್ರಂಥ ಯುರೋಪಿನ ಪಂಡಿತರ ಕೈ ಸೇರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ರೆಂಚ್ ಅನುವಾದದೊಡನೆ ಪೂರ್ಣವಾಗಿ ಅಚ್ಚಾದದ್ದು 1853ರಿಂದ 1858ರವರೆಗೆ. ಇಂಡಿಯ ಮತ್ತು ಮಾಲ್ದೀವಿನ ಭಾಗಗಳನ್ನು ಮಹದಿ ಹುಸೇನರು ಇಂಗ್ಲಿಷಿಗೆ ತಂದರು. ಬರೋಡದ ಪ್ರಾಚ್ಯವಿದ್ಯಾಸಂಸ್ಥೆ ಅದನ್ನು 1953ರಲ್ಲಿ ಪ್ರಕಟಿಸಿತು. ಹೊನ್ನಾವರದ ಊಟವನ್ನು ಪೂರ್ತಿಯಾಗಿ ಓದಬೇಕೆನ್ನುವವರು ಅದನ್ನು ಹುಡುಕಬಹುದು.

ಮಾಲ್ದೀವಿನ ಅಧ್ಯಾಯದಲ್ಲಿ ಕವಡೆಗಳ ಬೆಲೆಯನ್ನು ಹೇಳುವ ಕಡೆ, ಮರಳುಗಾಡಿನ ಆಚೆಯ ಮಾಲಿಯ ಸಂತೆಯ ನೆನಪೊಂದನ್ನೂ ಆತ ಸೇರಿಸಿದ್ದಾನೆ. ಕಡಲಿನಿಂದ ತಿಂಗಳುಗಟ್ಟಲೆ ದಾರಿಯ ದೂರದಲ್ಲಿ ಕರಿಯ ವರ್ತಕರು ಅವೇ ಕವಡೆಗಳನ್ನು ಎಣಿಸಿ ಕೊಡುತ್ತಿದ್ದುದನ್ನು ಆತ ಕಣ್ಣಾರೆ ಕಂಡ. ದ್ವೀಪದಲ್ಲಿ ದೀನಾರಿಗೆ ನಾಲ್ಕು ಲಕ್ಷವಿದ್ದದ್ದು ಅಲ್ಲಿ 1,150. ಮಗನಿಗೆ ಆಗ ಎಂಟೊಂಬತ್ತು ವರ್ಷವಾಗಿದ್ದಿರಬೇಕು.